ಪ್ರೈಮರಿಯಲ್ಲೇ ಗೆದ್ದ ಮೇಲೆ ಅಮೆರಿಕದಲ್ಲಿ ಕನ್ವೆನ್ಷನ್ ಯಾಕೆ?

ಪ್ರಶ್ನೆ: ಪ್ರೈಮರಿ ಅಂದರೆ ರಾಜ್ಯಗಳಲ್ಲಿ ಪಕ್ಷದೊಳಗೆ ನಡೆಯುವ ಮತದಾನ. ಅದರಿಂದ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರೆಂದು ಮೊದಲೇ ಗೊತ್ತಿರುತ್ತೆ. ಹಾಗಿದ್ದರೆ ಪಕ್ಷದ ರಾಷ್ಟ್ರೀಯ ಸಮಾವೇಶದಲ್ಲಿ (ಕನ್ವೆನ್ಷನ್) ತೀರ್ಮಾನ ಆಗೋದೇನು?

ಉತ್ತರ: ಪ್ರೈಮರಿಯಲ್ಲಿ ಸಿಗೋದು ಪ್ರತಿನಿಧಿಗಳು ಮಾತ್ರ. ಅಭ್ಯರ್ಥಿಯನ್ನು ಆರಿಸೋದು ಆ ಪ್ರತಿನಿಧಿಗಳ ಮತ. ಒಂದೊಂದೇ ರಾಜ್ಯದ ಹೆಸರು ಕೂಗುತ್ತಾರೆ, ಆ ರಾಜ್ಯದ ಪ್ರತಿನಿಧಿಗಳು ಮತ ಹೇಳುತ್ತಾರೆ, ಅರ್ಧಕ್ಕಿಂತ ಹೆಚ್ಚು ಬಂದರೆ ಆಯ್ಕೆ. ಬಾರದಿದ್ದರೆ ಮತ್ತೊಂದು ಸುತ್ತು.

ಉತ್ತರ: ಆ ಸುತ್ತುಗಳೇ ಹಿಂದೆ ಪಕ್ಷವನ್ನು ಸುಸ್ತು ಮಾಡಿದ್ದವು. 1924ರಲ್ಲಿ ನ್ಯೂಯಾರ್ಕಿನಲ್ಲಿ ಡೆಮಾಕ್ರಟರಿಗೆ ಮೂರನೇ ಎರಡರಷ್ಟು ಮತ ಬೇಕಿತ್ತು. ಮುಖ್ಯ ಆಕಾಂಕ್ಷಿಗಳಾದ ಮ್ಯಾಕಡೂ, ಸ್ಮಿತ್ ಇಬ್ಬರೂ ಜಗ್ಗಲಿಲ್ಲ. ಪ್ರತಿ ಸುತ್ತೂ ಅಲಬಾಮಾ ರಾಜ್ಯ ತನ್ನ ಸೆನೆಟರ್ ಪರ ಹಾಕುತ್ತಿದ್ದ 'ಅಂಡರ್‌ವುಡ್‌ಗೆ 24 ಮತ' ಎಂಬ ಕೂಗಿನಿಂದಲೇ ಶುರು, ರೇಡಿಯೋದಲ್ಲಿ ದೇಶವೇ ಕೇಳಿತು. 103ನೇ ಸುತ್ತಿಗೆ ಜಾನ್ ಡೇವಿಸ್ ಆಯ್ಕೆಯಾದರು. 1936ರಲ್ಲಿ ಆ ಮೂರನೇ ಎರಡರ ನಿಯಮ ಕೈಬಿಟ್ಟರು, ಒಳ್ಳೇದೇ ಆಯ್ತು.

ಉತ್ತರ: 1968 ಮರೀಬೇಡಿ. ಪ್ರೈಮರಿಗಳಲ್ಲಿ ಸ್ಪರ್ಧಿಸದ ಆಗಿನ ಉಪಾಧ್ಯಕ್ಷ ಹಂಫ್ರಿ ಷಿಕಾಗೋ ಸಮಾವೇಶದಲ್ಲಿ ಡೆಮಾಕ್ರಟರ ಅಭ್ಯರ್ಥಿಯಾದರು, ಹೊರಗೆ ಬೀದಿಯಲ್ಲಿ ಪ್ರತಿಭಟನಕಾರರಿಗೆ ಲಾಠಿ ಏಟು. ನಿಯಮ ಬದಲಾಗಿ ಪ್ರೈಮರಿಗೆ ತೂಕ ಬಂದದ್ದು ಅದರ ನಂತರವೇ.