ಬೇರೆ ಕಂಪ್ಯೂಟರ್‌ನಿಂದ ಸಾಕೆಟ್ ಕನೆಕ್ಟ್ ಆಗುತ್ತಿಲ್ಲ

ಪ್ರಶ್ನೆ: ಪೈಥಾನ್‌ನಲ್ಲಿ ಸಾಕೆಟ್ (ನೆಟ್‌ವರ್ಕ್ ಸಂಪರ್ಕದ ತುದಿ) ಬಳಸಿ ಬರೆದ ಟಿಸಿಪಿ ಸರ್ವರ್, ಕ್ಲೈಂಟ್ ಒಂದೇ ಕಂಪ್ಯೂಟರ್‌ನಲ್ಲಿ ಸರಿಯಾಗಿ ಓಡುತ್ತವೆ. ಅದೇ ವೈಫೈನ ಇನ್ನೊಂದು ಲ್ಯಾಪ್‌ಟಾಪ್‌ನಿಂದ 'ಕನೆಕ್ಷನ್ ರೆಫ್ಯೂಸ್ಡ್' ಬರುತ್ತದೆ. ಎರಡರಲ್ಲೂ 127.0.0.1, ಪೋರ್ಟ್ 5000 ಇದೆ.

ಉತ್ತರ 1: ತೊಂದರೆ ಆ ವಿಳಾಸದ್ದೇ. 127.0.0.1 ಎಂದರೆ ಯಾವಾಗಲೂ ತನ್ನದೇ ಯಂತ್ರ. ಲ್ಯಾಪ್‌ಟಾಪ್ ತನ್ನನ್ನೇ ಕರೆಯುತ್ತಿದೆ. ಸರ್ವರನ್ನು 0.0.0.0 ಗೆ, ಅಂದರೆ ಆ ಯಂತ್ರದ ಎಲ್ಲಾ ನೆಟ್‌ವರ್ಕ್ ವಿಳಾಸಗಳಿಗೂ, ಬೈಂಡ್ ಮಾಡಿ. ಕ್ಲೈಂಟ್‌ಗೆ ಸರ್ವರ್‌ನ ಲೋಕಲ್ ಐಪಿ ಕೊಡಿ, 192.168.1.7 ಥರದ್ದು. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ (ipconfig) ಕಮಾಂಡ್ ಅದನ್ನು ತೋರಿಸುತ್ತದೆ.

ಉತ್ತರ 2: ಆಮೇಲೆ 'ಟೈಮ್ಡ್ ಔಟ್' ಬಂದರೆ ಸರ್ವರ್‌ನ ಫೈರ್‌ವಾಲ್ ನೋಡಿ, ಟಿಸಿಪಿ 5000ಕ್ಕೆ ಇನ್‌ಬೌಂಡ್ ರೂಲ್ (ಒಳಬರುವ ಸಂಪರ್ಕಕ್ಕೆ ಅನುಮತಿ) ಬೇಕು. ಗೆಸ್ಟ್ ವೈಫೈ ಬೇಡ, ಅದರಲ್ಲಿ ಸಾಧನಗಳು ಒಂದನ್ನೊಂದು ತಲುಪದಂತೆ ಸಾಮಾನ್ಯವಾಗಿ ತಡೆದಿರುತ್ತಾರೆ.

ಉತ್ತರ 3: ಕನೆಕ್ಟ್ ಆದ ಮೇಲೆ ಡೇಟಾ ಓದುವಾಗ ಒಂದು ಸೆಂಡ್‌ಗೆ ಒಂದೇ ರಿಸೀವ್ ಎಂದುಕೊಳ್ಳಬೇಡಿ, ಟಿಸಿಪಿ ಬರೀ ಬೈಟ್‌ಗಳ ಹರಿವು. ಮೊದಲು 4 ಬೈಟ್‌ನಲ್ಲಿ ಸಂದೇಶದ ಉದ್ದ ಕಳಿಸಿ, ಅಷ್ಟೂ ಬರುವವರೆಗೆ ಲೂಪ್‌ನಲ್ಲಿ ಓದಿ.