ಟೊಳ್ಳು ಸ್ಪಿಂಡಲ್‌ನ ರಂಧ್ರವನ್ನು ಲೇಥ್‌ನಲ್ಲಿ ನಡುವಿಗೆ ತರುವುದು ಹೇಗೆ?

ಪ್ರಶ್ನೆ (ಉದ್ಯಮಬಾಗ್, ಬೆಳಗಾವಿ):
ನಮ್ಮ ಶೆಡ್ಡಿಗೆ ಮರ ಕಡೆಯುವ ಲೇಥ್ ಒಂದರ ಹೊಸ ಸ್ಪಿಂಡಲ್‌ನ (ತಿರುಗುವ ಟೊಳ್ಳು ದಂಡದ) ಕೆಲಸ ಬಂದಿದೆ. ಉದ್ದ 620 ಮಿ.ಮೀ.; ಹೊರವ್ಯಾಸ ಕೊನೆಗೆ 45 ಮಿ.ಮೀ. ಆಗಬೇಕು, ಸದ್ಯ 2 ಮಿ.ಮೀ. ಹೆಚ್ಚು ಬಿಟ್ಟಿದ್ದೇನೆ. ಉದ್ದಕ್ಕೂ 18 ಮಿ.ಮೀ. ರಂಧ್ರವನ್ನು ಬೇರೆಡೆ ಕೊರೆಸಿ ತಂದಿದ್ದು, ಬಾಯಲ್ಲಿ ಮೂರನೆಯ ನಂಬರಿನ ಮೋರ್ಸ್ ಟೇಪರ್ (ಉಪಕರಣದ ಬಾಲ ಬಿಗಿಯಾಗಿ ಕೂರುವಂತೆ ಒಳಗೆ ಹೋದಂತೆ ಕಿರಿದಾಗುವ ತೂತು) ಕಡೆಯಬೇಕು. ಹೊರಮೈಗೆ ಡಯಲ್ (ತಿರುಗುವಾಗಿನ ಓಲಾಟ ತೋರಿಸುವ ಮುಳ್ಳಿನ ಮಾಪಕ) ಹಚ್ಚಿದರೆ ಮುಳ್ಳು ಅಲುಗುವುದಿಲ್ಲ, ಆದರೆ ರಂಧ್ರದ ಬಾಯಲ್ಲಿ 0.14 ತೋರಿಸುತ್ತದೆ. ನಾಲ್ಕು ದವಡೆಗಳನ್ನು ಬೇರೆಬೇರೆಯಾಗಿ ಸರಿಸುವ ಫೋರ್ ಜಾ ಚಕ್ಕಿನಲ್ಲಿ ಬಾಯನ್ನು ಸರಿ ಮಾಡಿದರೆ 70 ಮಿ.ಮೀ. ಒಳಗೆ 0.09 ಓಡುತ್ತದೆ. ಹೆಡ್‌ಸ್ಟಾಕ್‌ನ (ಚಕ್ಕನ್ನು ತಿರುಗಿಸುವ ಭಾಗದ) ಹಿಂಬದಿಗೆ ನಾಲ್ಕು ಬೋಲ್ಟಿನ ಸ್ಪೈಡರ್ (ಸ್ಪಿಂಡಲ್‌ನ ಹಿಂತುದಿಯನ್ನು ನಾಲ್ಕು ಕಡೆಯಿಂದ ಒತ್ತಿ ಹಿಡಿಯುವ ಬಳೆ) ಕೂಡಿಸಿ ಬಿಗಿದೆ. ಬಿಗಿದಷ್ಟೂ ಬಾಯಿ ಮತ್ತೆ ಕೆಡುತ್ತದೆ. ಎರಡು ದಿನದಿಂದ ಇದೇ ಆಟ ನಡೆದಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ 1 (ಮಚ್ಛೆ):
ಚಕ್ಕಿನ ದವಡೆಗಳು ಜಾಬನ್ನು (ಕಡೆಯುವ ವಸ್ತುವನ್ನು) 50 ಮಿ.ಮೀ. ಉದ್ದಕ್ಕೂ ಕಚ್ಚಿಕೊಂಡಿರುವಾಗ ಹಿಂದಿನ ಬೋಲ್ಟ್ ತಿರುಗಿಸಿದರೆ ಸ್ಪಿಂಡಲ್ ಓರೆಯಾಗುವುದಿಲ್ಲ, ಬಾಗುತ್ತದೆ. ಬಾಗಿದ ಸ್ಥಿತಿಯಲ್ಲಿ ಕಡೆದ ಟೇಪರ್ ಚಕ್ಕಿನಿಂದ ಬಿಚ್ಚಿದ ಕೂಡಲೇ ಮತ್ತೆ ಓರೆಗೆ ಹೋಗುತ್ತದೆ. ಆದ್ದರಿಂದ 3 ಮಿ.ಮೀ. ತಾಮ್ರದ ತಂತಿಯನ್ನು ಜಾಬಿಗೆ ಒಂದೇ ಸುತ್ತು ಸುತ್ತಿ, ದವಡೆಗಳು ಆ ತಂತಿಯನ್ನು ಮಾತ್ರ ಹಿಡಿಯುವಂತೆ ಮಾಡಿ. ಆಗ ಜಾಬ್ ತಕ್ಕಡಿಯ ದಂಡಿಗೆಯಂತೆ ಆ ಒಂದು ಗೆರೆಯ ಮೇಲೆ ತೂಗುತ್ತದೆ. ಮೊದಲ ಡಯಲನ್ನು ಬಾಯಲ್ಲಿ ಇಡಬೇಡಿ. ರಂಧ್ರದೊಳಗೆ ತಂತಿಯ ನೇರಕ್ಕೆ ಬರುವ ಜಾಗದಲ್ಲಿಟ್ಟು ದವಡೆಗಳಿಂದ ಸರಿಪಡಿಸಿ, ಆಮೇಲೆ 70 ಮಿ.ಮೀ. ಒಳಗಿನದನ್ನು ಸ್ಪೈಡರ್‌ನಿಂದಲೇ ತನ್ನಿ. ಮೂರ‍್ನಾಲ್ಕು ಸುತ್ತಿನಲ್ಲಿ ಎರಡೂ ಕೂಡಿಬರುತ್ತವೆ. ಡಯಲ್ 0.14 ತೋರಿದರೆ ನಡು ತಪ್ಪಿರುವುದು 0.07 ಮಾತ್ರ, ಅಷ್ಟೇ ತಳ್ಳಿ. ಲಿವರ್ ಡಯಲ್‌ಗೆ ಉದ್ದನೆಯ ಮೊನೆ ಹಾಕಿದರೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನಾವು ಹುಡುಕುವುದು ಸೊನ್ನೆಯನ್ನಾದ್ದರಿಂದ ಅಡ್ಡಿಯಿಲ್ಲ.

ಉತ್ತರ 2 (ಮುಧೋಳ):
ಮೇಲಿನವರು ಹೇಳಿದ್ದು ಸರಿ. ಸಕ್ಕರೆ ಕಾರ್ಖಾನೆಯೊಂದರ ವರ್ಕ್‌ಶಾಪಿನಲ್ಲಿ ಬಹಳ ವರ್ಷ ಲೇಥಿನ ಮುಂದೆ ನಿಂತವನಾಗಿ ಇಷ್ಟು ಸೇರಿಸುತ್ತೇನೆ. ಉದ್ದನೆಯ ಡ್ರಿಲ್ ಒಳಗೆ ಹೋದಂತೆ ದಾರಿ ಬಿಡುತ್ತದೆ, ಹಾಗಾಗಿ 620 ಮಿ.ಮೀ. ಉದ್ದಕ್ಕೂ ನೇರವಾದ ರಂಧ್ರವನ್ನು ಬಯಸುವುದು ಬೇಡ. ಟೇಪರ್ ಕೂರುವ ಬಾಯಿಯ ಕಡೆಯ 80 ಮಿ.ಮೀ. ಮಾತ್ರ ನಡುವಿಗೆ ಬರಲಿ, ಉಳಿದದ್ದು ತನ್ನ ಪಾಡಿಗೆ ಓಡಲಿ. ರೀಮರನ್ನು (ರಂಧ್ರವನ್ನು ಕೊನೆಯಲ್ಲಿ ನಯಗೊಳಿಸುವ ಹತ್ಯಾರವನ್ನು) ನೇರವಾಗಿ ತೂರಿಸಿದರೆ ಅದು ಹಳೆಯ ರಂಧ್ರದ ಹಿಂದೆಯೇ ಹೋಗುತ್ತದೆ. ಕಾಂಪೌಂಡನ್ನು (ಉಳಿಯನ್ನು ಓರೆಯಾಗಿ ಸರಿಸುವ ಲೇಥಿನ ಜಾರುಭಾಗವನ್ನು) 1 ಡಿಗ್ರಿ 26 ಮಿನಿಟಿಗೆ ತಿರುಗಿಸಿ, ಬೋರಿಂಗ್ ಬಾರ್‌ನಿಂದ (ರಂಧ್ರದೊಳಗೆ ಕಡೆಯುವ ಉಳಿಯ ಸರಳಿನಿಂದ) ಟೇಪರ್ ಕಡೆದು, ಕೊನೆಯ 0.1 ಮಿ.ಮೀ. ಮಾತ್ರ ಕೈಯಿಂದ ರೀಮ್ ಮಾಡಿ. ಹೊರಮೈಯಲ್ಲಿ 2 ಮಿ.ಮೀ. ಬಿಟ್ಟಿರುವುದೇ ನಿಮ್ಮ ಭಾಗ್ಯ. ಟೇಪರ್ ಮುಗಿದ ಮೇಲೆ ಅದರಲ್ಲೊಂದು ಪ್ಲಗ್ ಸೆಂಟರ್ (ಲೇಥಿನ ಸೆಂಟರ್ ಮೊನೆ ಕೂರಲು ನಡುವೆ ಕುಳಿಯಿರುವ ಬಿರಡೆ) ಕೂಡಿಸಿ, ಹಿಂಬದಿಯ ರಂಧ್ರದ ಬಾಯಿಗೆ 60 ಡಿಗ್ರಿ ಇಳಿಜಾರು ಕೊಟ್ಟು, ಎರಡು ಸೆಂಟರುಗಳ ನಡುವೆ ಹೊರಮೈ ಕಡೆಯಿರಿ. ಬೇರಿಂಗ್ ಕೂರುವ ಜಾಗಗಳು ಟೇಪರಿನ ನಡುವಿಗೇ ಹೊಂದಿಕೊಳ್ಳುತ್ತವೆ. ಇನ್ನೊಂದು ಮಾತು: ಸ್ಪೈಡರ್‌ನ ಬೋಲ್ಟುಗಳು ಹೊರಗೆ ಚಾಚಿರುತ್ತವೆ, ಅವಕ್ಕೊಂದು ತಗಡಿನ ಮುಚ್ಚಳ ಹಾಕಿ. ನನ್ನ ಅಂಗಿಯ ತೋಳು ಒಮ್ಮೆ ಅಲ್ಲೇ ಸುತ್ತಿಕೊಂಡಿತ್ತು. ಬಟ್ಟೆ ಹಳೆಯದಾಗಿದ್ದರಿಂದ ಹರಿದು ಕೈ ಉಳಿಯಿತು.

ಪ್ರಶ್ನೆ ಕೇಳಿದವರಿಂದ:
ತಂತಿ ಸುತ್ತಿದ ಮೇಲೆ ಮೂರನೆಯ ಸುತ್ತಿಗೇ ಎರಡೂ ಕಡೆ 0.01ಕ್ಕೆ ಬಂದಿತು. ಮೊದಲು ಪಾನಾ ಹಾಕಿ ಜಗ್ಗಬೇಕಾಗಿದ್ದ ಬೋಲ್ಟುಗಳು ಈಗ ಬೆರಳಿನಲ್ಲೇ ತಿರುಗಿದವು. ಟೇಪರ್ ಕಡೆದು, ಅದು ಎಲ್ಲೆಲ್ಲಿ ಕೂರುತ್ತದೆಂದು ತಿಳಿಯಲು ನೀಲಿ ಬಣ್ಣ ಹಚ್ಚಿ ನೋಡಿದೆ. ಒಳತುದಿಯ ಸುಮಾರು 10 ಮಿ.ಮೀ. ಬಿಟ್ಟರೆ ಉಳಿದೆಲ್ಲ ಕಡೆ ಬಣ್ಣ ತಾಕಿದೆ. ಆ ಹತ್ತನ್ನು ರೀಮರ್‌ಗೆ ಬಿಟ್ಟಿದ್ದೇನೆ. ಮುಚ್ಚಳವನ್ನು ಹಳೆಯ ಎಣ್ಣೆ ಡಬ್ಬಿ ಕತ್ತರಿಸಿ ಮಾಡಿಕೊಂಡೆ.