ಫೇಲಾದದ್ದನ್ನು ಮನೆಗೆ ಹೇಳಲಾ, ಬೇಡವಾ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿನಿಯೊಬ್ಬರು ತಮ್ಮ ಕಷ್ಟ ಬರೆದಿದ್ದರು. ಹತ್ತನೇ ತರಗತಿವರೆಗೆ ಹಳ್ಳಿಯ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ಫಿಸಿಯಾಲಜಿ ಹೇಗೋ ತಲೆಗೆ ಹತ್ತುತ್ತದೆ, ದೇಹದ ರಚನೆ ಹೇಳುವ ಅನಾಟಮಿ ಹತ್ತುತ್ತಿಲ್ಲ. ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನ ವಾಸನೆಗೆ ಊಟ ಸೇರುತ್ತಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಉತ್ತರ ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಕಾಲೇಜೇ ನಡೆಸುವ ಮೊದಲ ಇಂಟರ್ನಲ್ಸ್‌ ಪರೀಕ್ಷೆಯಲ್ಲಿ ಅನಾಟಮಿ ಹೋಗಿದೆ. ಮನೆಯಲ್ಲಿ ಮಾತ್ರ "ಚೆನ್ನಾಗಿ ಆಯ್ತು" ಅಂದುಬಿಟ್ಟಿದ್ದಾರೆ. ಊರವರು ಆಗಲೇ "ಡಾಕ್ಟ್ರಮ್ಮ" ಅಂತ ಕರೆಯುತ್ತಾರಂತೆ. ಆಕೆ ಕೇಳಿದ್ದು ಒಂದೇ: ನಿಜ ಮನೆಗೆ ಹೇಳಲಾ, ಬೇಡವಾ?

ಬಂದ ಪತ್ರಗಳಲ್ಲಿ ಹೆಚ್ಚಿನವು ಹೇಗೆ ಓದಬೇಕು ಅನ್ನುವ ಬಗ್ಗೆ. ಅದೂ ಬೇಕಾದದ್ದೇ. ಅಲ್ಲಿಂದಲೇ ಶುರು ಮಾಡೋಣ.

*

ನಾನೂ ಕನ್ನಡ ಮಾಧ್ಯಮ. ಈಗ ಸೆಕೆಂಡ್ ಇಯರ್, ನಿಮಗಿಂತ ಒಂದು ವರ್ಷ ಮುಂದೆ ಅಷ್ಟೇ. ರೂಮಲ್ಲಿ ಕೂತು ಪುಟ ತಿರುವಿದರೆ ಅನಾಟಮಿ ಬರಲ್ಲ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲ, ಬ್ರೇಕಿಯಲ್ ಪ್ಲೆಕ್ಸಸ್ಸನ್ನೇ ತಗೊಳ್ಳಿ. ಬೆನ್ನುಹುರಿಯ ಸಿ5ರಿಂದ ಟಿ1ವರೆಗೆ ಐದು ಬೇರು, ಮೂರು ಟ್ರಂಕ್, ಆರು ಡಿವಿಷನ್, ಮೂರು ಕಾರ್ಡ್, ಕೊನೆಗೆ ಕೈಗೆ ಹೋಗುವ ಐದು ದೊಡ್ಡ ನರ. ಓದಲು ಕೂತರೆ ಒಂದು ಸಂಜೆ. ಕೈ ಪಳಗಿದ ಮೇಲೆ ಬಿಡಿಸಲು ಎರಡು ನಿಮಿಷ. ನಾನು ಹಾಸ್ಟೆಲ್ ಬಾತ್‌ರೂಮಿನ ಕನ್ನಡಿ ಮೇಲೆ ಸೋಪಿನಲ್ಲಿ ಬಿಡಿಸುತ್ತಿದ್ದೆ. ವಾರ್ಡನ್ ಬೈದರು, ಅದು ಬೇರೆ ವಿಷಯ.

ವೈವಾಗೆ ಉತ್ತರ ಶುರು ಮಾಡುವ ನಾಲ್ಕೈದು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಟ್ಟುಕೊಳ್ಳಿ. 'ದಿಸ್ ಈಸ್ ದ ರೈಟ್ ಹ್ಯೂಮರಸ್, ಬಿಕಾಸ್...' (ಇದು ಬಲ ತೋಳಿನ ಮೂಳೆ, ಯಾಕಂದರೆ...) ಅಂತ ಒಮ್ಮೆ ಬಾಯಿ ಬಿಟ್ಟರೆ ಮುಂದಿನದು ಹೇಗೋ ಬರುತ್ತೆ. ಸೀನಿಯರ್ಸ್ ಹತ್ತಿರ ಬೋನ್ ಸೆಟ್ ಕೇಳಿ, ಕೊಡ್ತಾರೆ. ಡಿಸೆಕ್ಷನ್ ಟೇಬಲ್ ಹತ್ತಿರ ಹಿಂದೆ ಮಾತ್ರ ನಿಲ್ಲಬೇಡಿ. ಇಂಗ್ಲಿಷ್ ಪಟಪಟ ಅನ್ನೋರು ಮುಂದೆ ನಿಂತು ಸ್ಕಾಲ್ಪೆಲ್ ಹಿಡೀತಾರೆ. ನಾವು ಹಿಂದೆ ನಿಂತು ಅವರ ಭುಜದ ಮೇಲಿಂದ ಇಣುಕ್ತೀವಿ. ನಾವು ಹಿಂದೆ ಬೀಳೋದು ಅಲ್ಲೇ.

– ಎರಡನೇ ವರ್ಷದ ವಿದ್ಯಾರ್ಥಿ, ಶಿವಮೊಗ್ಗ

*

ಪತ್ರಿಕೆಗೆ ಬರೆಯುವ ಹೊತ್ತಲ್ಲಿ ಒಂದು ಮೂಳೆ ಓದಿ ಮುಗಿಸಬಹುದಿತ್ತು.

– ದಾವಣಗೆರೆ

*

ಇವರು ಬರೆದದ್ದು ಇಷ್ಟೇ. ಮುಂದಿನ ಪತ್ರ ವೈವಾ ಮೇಜಿನ ಆಚೆ ಬದಿಯಲ್ಲಿ ಕೂತವರದು.

*

ನಾನು ಅನಾಟಮಿ ಕಲಿಸಿ ನಿವೃತ್ತಳಾದವಳು. ಪರೀಕ್ಷಕರಿಗೆ ಏನು ಕಾಣುತ್ತದೆ ಅಂತ ಹೇಳ್ತೀನಿ ಕೇಳು ಮಗಳೇ. ಮೂಳೆ ಕೈಗೆ ಕೊಟ್ಟಾಗ ನಾವು ಮೊದಲು ನೋಡುವುದು ನೀನು ಅದನ್ನು ಹೇಗೆ ಹಿಡಿದೆ ಅಂತ. ಹ್ಯೂಮರಸ್ ಆದರೆ ಗುಂಡನೆಯ ತಲೆ ಮೇಲಿರಬೇಕು, ಒಳಗಡೆಗೆ ಮುಖ ಮಾಡಿರಬೇಕು. ಕೆಳತುದಿಯ ದೊಡ್ಡ ಗುಳಿ ಹಿಂದಕ್ಕೆ ಬರಬೇಕು. ಹಾಗೆ ನಿನ್ನ ತೋಳಿನ ಪಕ್ಕಕ್ಕೆ ಹಿಡಿದೆ ಅಂದರೆ ಇವಳು ಮೂಳೆ ಮುಟ್ಟಿ ಓದಿದವಳು ಅಂತ ಗೊತ್ತಾಗಿಬಿಡುತ್ತದೆ.

ಆಮೇಲೆ ಬೆರಳಿಟ್ಟು ತೋರಿಸು. ಈ ಒಂದು ಮೂಳೆಗೆ ಮೂರು ನರ ತಾಗಿಕೊಂಡೇ ಹೋಗುತ್ತವೆ. ಮೇಲೆ ಮೂಳೆಯ ಕುತ್ತಿಗೆಯ ಹತ್ತಿರ ಆಕ್ಸಿಲರಿ, ನಡುವೆ ಹಿಂಬದಿಯಲ್ಲಿ ರೇಡಿಯಲ್, ಕೆಳಗೆ ಒಳಮಗ್ಗುಲಿನ ಉಬ್ಬಿನ ಹಿಂದೆ ಅಲ್ನರ್. ನಡುವೆ ಮುರಿದು ರೇಡಿಯಲ್‌ಗೆ ಪೆಟ್ಟಾದರೆ ಮಣಿಕಟ್ಟು ಎತ್ತಲಾಗದೆ ಜೋತುಬೀಳುತ್ತದೆ. ಮೊಣಕೈ ಬಾಗಿಲಿಗೆ ತಗುಲಿದರೆ ಕಿರುಬೆರಳಿನವರೆಗೂ ಕರೆಂಟ್ ಹೊಡೆದಂಗೆ ಆಗುತ್ತಲ್ಲ, ಅದು ಅಲ್ನರ್. ಇಷ್ಟನ್ನು ಮುಟ್ಟಿ ತೋರಿಸಿದ ಹುಡುಗಿಯನ್ನು ಇಂಗ್ಲಿಷ್ ತಡವರಿಸಿತು ಅಂತ ಫೇಲ್ ಮಾಡಲು ನನಗೆ ಯಾವತ್ತೂ ಮನಸ್ಸು ಬಂದಿಲ್ಲ. ಎಲ್ಲರೂ ಹೀಗೇ ಅಂತ ಮಾತ್ರ ಹೇಳಲಾರೆ.

ಇನ್ನೊಂದು ವಿಷಯ. ಒಂದು ಇಂಟರ್ನಲ್ಸ್ ಹೋದರೆ ವರ್ಷ ಹೋಗಲ್ಲ. ವಿಶ್ವವಿದ್ಯಾಲಯದ ಪರೀಕ್ಷೆಯೇ ಹೋದರೂ ಸಪ್ಲಿಮೆಂಟರಿ ಇದೆ. ಮೊದಲ ವರ್ಷ ದಾಟಲು ನಾಲ್ಕು ಅವಕಾಶ ಅಂತ ನಿಯಮವೇ ಇದೆ. ಆದರೆ ಹಾಜರಿ ಥಿಯರಿಗೆ ಶೇ. 75, ಪ್ರಾಕ್ಟಿಕಲ್‌ಗೆ ಶೇ. 80 ಇರಲೇಬೇಕು. ಆದ್ದರಿಂದ ಬೇಜಾರಾಯ್ತು ಅಂತ ಕ್ಲಾಸ್ ತಪ್ಪಿಸಬೇಡ. ನಾಳೆಯೇ ಡಿಪಾರ್ಟ್‌ಮೆಂಟಿಗೆ ಹೋಗಿ ಯಾರಾದರೊಬ್ಬ ಮೇಡಂ ಹತ್ತಿರ ಮಾತಾಡು, ಕನ್ನಡದಲ್ಲೇ ಮಾತಾಡು. ಡೌಟು ಕೇಳಲು ಬಂದವರನ್ನು ನಾವು ಯಾರೂ ತಿಂದುಹಾಕಿಲ್ಲ.

– ನಿವೃತ್ತ ಶಿಕ್ಷಕಿ, ಮೈಸೂರು

*

ನಾನು ಸ್ಟಾಫ್ ನರ್ಸ್. ಸೊಂಟಕ್ಕೆ ಇಂಜೆಕ್ಷನ್ ಕೊಡುವಾಗ ಆ ಜಾಗವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ, ಮೇಲಿನ ಹೊರಭಾಗಕ್ಕೇ ಕೊಡಬೇಕು ಅಂತ ನಮಗೆ ಕಲಿಸಿದ್ದರು. ಯಾಕೆ ಅಂತ ತಲೆಗೆ ಹೋದದ್ದು ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರ ಎಲ್ಲಿ ಹಾಯುತ್ತದೆ ಅಂತ ನೋಡಿದ ಮೇಲೆ. ಅದಕ್ಕೆ ಸೂಜಿ ತಗುಲಿದರೆ ರೋಗಿಯ ಕಾಲಿನ ಬಲವೇ ಹೋಗಬಹುದು. ಅನಾಟಮಿ ಅಂದರೆ ಇದೇ ಅಲ್ವಾ? ನಿಮಗೆ ಅಷ್ಟು ಕಷ್ಟ ಆಗುತ್ತಿದ್ದರೆ ನರ್ಸಿಂಗ್ ಬಗ್ಗೆ ಈಗಲೂ ಯೋಚನೆ ಮಾಡಬಹುದು. ಕೆಲಸ ಬೇಗ ಸಿಗುತ್ತದೆ, ಹೊರದೇಶಕ್ಕೂ ಹೋಗಬಹುದು.

– ರಾಯಚೂರು

*

ಓದು ಬಿಡುವ ಮಾತನ್ನು ಆಕೆ ಎತ್ತಿರಲಿಲ್ಲ. ಆದರೂ ಇಂಜೆಕ್ಷನ್ ವಿಷಯ ಆಕೆಗೆ ಉಪಯೋಗಕ್ಕೆ ಬಂದೀತು.

*

ತಪ್ಪು ಹುಡುಗಿಯದಲ್ಲ, ವ್ಯವಸ್ಥೆಯದು. 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಬರೆದು ಒಳಗೆ ಹೋದ ಮೇಲೆ? ಮಧ್ಯಪ್ರದೇಶದವರು 2022ರ ಅಕ್ಟೋಬರ್‌ನಲ್ಲೇ ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ಹಿಂದಿ ಪುಸ್ತಕ ತಂದರು. ನಾವು ನವೆಂಬರ್ ಬಂದಾಗ ಬಾವುಟ ಹಾರಿಸುತ್ತೇವೆ.

– ಕನ್ನಡ ಅಧ್ಯಾಪಕ, ಹಾಸನ

*

ಚರ್ಚೆಗೆ ಒಳ್ಳೆಯ ವಿಷಯ. ಆದರೆ ಆಕೆಯ ಪರೀಕ್ಷೆ ಇರುವುದು ಈ ವರ್ಷ.

*

ತಂಗಿ, ದೇಹ ಕೆಡದಂತೆ ಹಾಕುವ ಫಾರ್ಮಾಲಿನ್ ವಾಸನೆಗೆ ಊಟ ಸೇರವಲ್ದು ಅಂತ ಬರೆದಿದ್ದೀಯಲ್ಲ, ಅದಕ್ಕೆ ಈ ಪತ್ರ. ನಾನೂ ನಮ್ಮ ಮನೆಯವರೂ ದೇಹದಾನಕ್ಕೆ ಹೆಸರು ಬರೆಸಿದ್ದೇವೆ. ನಮ್ಮ ಕಡೆ ಇದು ಹೊಸದಲ್ಲ. ಬೈಲಹೊಂಗಲದ ಡಾ. ರಾಮಣ್ಣವರ ತಮ್ಮ ದೇಹ ಮಕ್ಕಳ ಓದಿಗೆ ಆಗಲಿ ಅಂದಿದ್ದರು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ತಂದೆಯ ದೇಹವನ್ನು ತಾವೇ ಡಿಸೆಕ್ಷನ್ ಮಾಡಿ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಪೇಪರಿನಲ್ಲಿ ಓದಿದ ದಿನ ನಮ್ಮವರು "ಮಗನಿಗೆ ಎದೆ ಎಷ್ಟು ಗಟ್ಟಿ ಇರಬೇಕು" ಅಂದರು. ನನಗೆ ಮಾತ್ರ ಅಪ್ಪನ ಎದೆ ದೊಡ್ಡದು ಅನ್ನಿಸಿತು. ನಿಮ್ಮ ಟೇಬಲ್ ಮೇಲೆ ಮಲಗಿದವರೂ ಯಾರದೋ ಮನೆಯ ಅಜ್ಜ, ಅಜ್ಜಿ. ಅವರಿಗೆ ಹೆದರಬೇಡ. ನಾಳೆ ನಾವು ಬಂದಾಗ ಹಿಂದಿನ ಸಾಲಿನಲ್ಲಿ ನಿಂತರೆ ನನಗೆ ಸಿಟ್ಟು ಬರುತ್ತದೆ ನೋಡು.

– ಅಜ್ಜಿ, ಬೆಳಗಾವಿ

*

ಇನ್ನು ಆಕೆ ಕೇಳಿದ ಪ್ರಶ್ನೆಗೇ ಉತ್ತರ ಕೊಟ್ಟ ಎರಡು ಪತ್ರ. ಎರಡೂ ಒಂದೇ ಮಾತು ಹೇಳುವುದಿಲ್ಲ. ಒಂದು ಉದ್ದ ಇದೆ, ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

*

ಹೇಳಬೇಡಿ. ಮನೆಯವರಿಗೆ ಇಂಟರ್ನಲ್ಸ್ ಯಾವುದು, ಫೈನಲ್ ಯಾವುದು ಗೊತ್ತಾಗಲ್ಲ. "ಫೇಲು" ಅನ್ನೋದೊಂದೇ ಕಿವಿಗೆ ಬೀಳುತ್ತೆ. ನಮ್ಮಪ್ಪನಿಗೆ ಹಾರ್ಟ್ ಪ್ರಾಬ್ಲಂ ಇತ್ತು, ನಾನು ಹೇಳಲಿಲ್ಲ. ಪಾಸಾದ ಮೇಲೆ ಹೇಳಿದೆ, ನಕ್ಕರು.

– ವೈದ್ಯ, ತುಮಕೂರು

*

ಮಗಳೇ, ನಿನ್ನ ಪತ್ರವನ್ನು ನನ್ನ ಹೆಂಡತಿ ಜೋರಾಗಿ ಓದುತ್ತಿದ್ದಳು. ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದಳು. ಉಳಿದದ್ದನ್ನು ನಾನು ಓದಿಕೊಂಡೆ.

ನಮ್ಮ ಮಗನೂ ಇದೇ ಓದಿಗೆ ಹೋದವನು. ಕಾಲೇಜಿನ ಹೆಸರು ಬೇಡ. ಊರಿಗೇ ಮೊದಲನೇ ಸೀಟು, ಬಸವಣ್ಣನ ಗುಡಿ ಮುಂದೆ ಊರಿಗೆಲ್ಲ ಪೇಡೆ ಹಂಚಿದ್ದೆ. ಮೊದಲ ವರ್ಷ ಅನಾಟಮಿ ಹೋಯಿತು, ನಮಗೆ ಹೇಳಲಿಲ್ಲ. ಸಪ್ಲಿಮೆಂಟರಿಯೂ ಹೋಯಿತು, ಆಗಲೂ ಹೇಳಲಿಲ್ಲ. ಫೋನ್ ಮಾಡಿದರೆ "ಓದ್ತಾ ಇದೀನಪ್ಪ" ಅನ್ನುತ್ತಿದ್ದ. ಹಬ್ಬಕ್ಕೆ ಬರುವುದು ಕಮ್ಮಿ ಮಾಡಿದ. ಬಂದರೂ ಮಾಳಿಗೆ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದ. ಓಣಿಯವರು ಬಿಪಿ ಮಾತ್ರೆ ಚೀಟಿ ತೋರಿಸಲು ಬಂದರೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು. ಓದಿ ಓದಿ ಸುಸ್ತಾಗಿದ್ದಾನೆ ಅಂದುಕೊಂಡೆವು.

ಒಂದು ಸಲ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹಾಕಿ ಬಂದಿದ್ದೆ. ಕೈಯಲ್ಲಿ ರೊಕ್ಕ ಇತ್ತು. ಫೀ ನಾನೇ ಕಟ್ಟಿ ಬರೋಣ ಅಂತ ಅವನಿಗೂ ಹೇಳದೆ ಬಸ್ ಹತ್ತಿದೆ. ಕೌಂಟರಿನ ಗುಮಾಸ್ತರು ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು. "ಯಜಮಾನ್ರೇ, ಇವನ ಜೊತೆಯವರೆಲ್ಲ ಮುಂದೆ ಹೋಗಿದ್ದಾರಲ್ಲ, ನಿಮಗೆ ಗೊತ್ತಿಲ್ವಾ?" ಅಂದರು. ಹಿಂದೆ ಸಾಲಿನಲ್ಲಿ ಬೇರೆ ಮಕ್ಕಳ ಅಪ್ಪಂದಿರು ನಿಂತಿದ್ದರು. ಫೇಲಾದದ್ದಕ್ಕೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ನನ್ನ ಮಗನ ವಿಷಯ ನನಗಿಂತ ಮೊದಲು ಆ ಗುಮಾಸ್ತರಿಗೆ ಗೊತ್ತಿತ್ತಲ್ಲ, ಅದಕ್ಕೆ ಬಂತು.

ಹಾಸ್ಟೆಲ್ ರೂಮಿಗೆ ಹೋದೆ. ಗೋಡೆ ತುಂಬ ಚೀಟಿ ಅಂಟಿಸಿದ್ದ. ಮೂಳೆ, ನರ, ರಕ್ತನಾಳದ ಹೆಸರು, ಕೆಳಗೆ ಕನ್ನಡದಲ್ಲಿ ಉಚ್ಚಾರ. ಓದದ ಹುಡುಗನ ಗೋಡೆ ಅಲ್ಲ ಅದು.

ಮೊದಲೇ ಹೇಳಿದ್ದರೆ ನಾನೇನು ಮಾಡುತ್ತಿದ್ದೆ? ಒಂದು ದಿನ ಬೈಯುತ್ತಿದ್ದೆ. ಎರಡು ದಿನ ಮಾತು ಬಿಡುತ್ತಿದ್ದೆ. ಆಮೇಲೆ ಯಾರಾದರೂ ಹೇಳಿಕೊಡುವವರು ಇದ್ದಾರಾ ಅಂತ ಹುಡುಕಿಕೊಂಡು ಹೋಗುತ್ತಿದ್ದೆ. ಅಷ್ಟೇ. ಅಷ್ಟಕ್ಕೆ ಹೆದರಿ ಅವನು ಒಬ್ಬನೇ ಆ ಗೋಡೆ ನೋಡಿಕೊಂಡು ಕೂತಿದ್ದ.

ಓದು ಬಿಟ್ಟ. ಈಗ ಹುಬ್ಬಳ್ಳಿಯಲ್ಲಿ ಔಷಧ ಕಂಪನಿಯ ಕೆಲಸ, ಮದುವೆಯಾಗಿದೆ, ಚೆನ್ನಾಗೇ ಇದ್ದಾನೆ. ಆದರೂ ಫೋನಿನಲ್ಲಿ "ಆರಾಮ್ ಅಪ್ಪಾ" ಅಂದರೆ ನನಗೆ ಪೂರ್ತಿ ನಂಬಿಕೆ ಬರಲ್ಲ. ಸೊಸೆಗೆ ಬೇರೆ ಫೋನ್ ಮಾಡಿ ಕೇಳುತ್ತೇನೆ.

ನಿಮ್ಮಪ್ಪನಿಗೆ ಫೋನಿನಲ್ಲಿ ಹೇಳಬೇಡ. ಶನಿವಾರ ಊರಿಗೆ ಹೋಗು. ಅವ್ವನಿಗೆ ಮೊದಲು ಹೇಳು, ಮುಂದಿನದನ್ನು ಅವಳು ನೋಡಿಕೊಳ್ಳುತ್ತಾಳೆ.

– ರೈತ, ಹಾವೇರಿ ಜಿಲ್ಲೆ

*

ಹಾವೇರಿಯ ಪತ್ರವನ್ನು ಅಚ್ಚಿಗೆ ಕೊಡುವ ಮೊದಲೇ ವಿದ್ಯಾರ್ಥಿನಿಗೆ ಕಳಿಸಿದ್ದೇವೆ. ಓದಿನ ಚಿಂತೆಯಿಂದ ನಿದ್ದೆ, ಊಟ ಕೆಟ್ಟಿರುವ ಯಾರೇ ಆಗಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮುಂದಿನ ಸಂಚಿಕೆಯ ಸಮಸ್ಯೆ: ಅತ್ತೆಯ ಪಿಂಚಣಿ ಯಾರ ಖಾತೆಗೆ ಹೋಗಬೇಕು? ಪತ್ರಗಳು ಒಂದು ಪುಟ ಮೀರದಿರಲಿ.